ಎಣ್ಣೆಗೆ ಇಳಿದ ನೀರು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಸೂರು ಇದ್ದದ್ದು ಕಾರಿಗೆ. ಹೊನ್ನಾವರದ ಬಂದರಿನಿಂದ ಕುಮಟೆಯ ರಸ್ತೆಗೆ ಏರುವಲ್ಲಿ ನಮ್ಮ ಮನೆ. ಎರಡು ಕೋಣೆ, ಹೊಗೆ ಹಿಡಿದ ಒಂದು ಅಡುಗೆಮನೆ, ಮುಂದೆ ಸೆಗಣಿ ಸಾರಿಸಿದ ಜಗಲಿ. ಮನೆಯ ಮೇಲೆ ಅರ್ಧ ಹಂಚು, ಅರ್ಧ ತೆಂಗಿನ ಮಡಲು. ಜಗಲಿಗೆ ತಾಗಿಸಿ ಅಪ್ಪ ಕಾರಿಗೆಂದು ಕಟ್ಟಿಸಿದ ಕೊಟ್ಟಿಗೆಯ ಮೇಲೆ ಮಾತ್ರ ಪೂರ್ತಿ ಮಂಗಳೂರು ಹಂಚು. ಆಷಾಢದಲ್ಲಿ ನಾವು ಮಲಗುವಲ್ಲಿ ಪಾತ್ರೆ ಇಟ್ಟು ಸೋರುವ ನೀರು ಹಿಡಿಯುತ್ತಿದ್ದೆವು. ಕಾರಿನ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ನನ್ನ ಅಮ್ಮ, ನಾನು ಆಯಿ ಎನ್ನುತ್ತಿದ್ದವಳು, ಅದನ್ನು ಕಾರು ಎಂದು ಕರೆದದ್ದನ್ನು ನಾನು ಕೇಳಿದ್ದೇ ಕಡಿಮೆ. ‘ನಿನ್ನ ಅಪ್ಪನ ಹಿರೇ ಹೆಂಡ್ತಿ’ ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು, ಆದರೆ ಅಪ್ಪ ಬಾಗಿ ಕುಳಿತು ಅದರ ಗಾಲಿ ಒರೆಸುತ್ತಿದ್ದಾಗ ಅವಳು ಒಳಗೆ ಪಾತ್ರೆ ಇಡುವ ಸದ್ದು ಬೇರೆ ಆಗುತ್ತಿತ್ತು. ಹೊಟ್ಟೆಕಿಚ್ಚನ್ನು ನಾನು ಯಾರಿಂದ ಕಲಿತೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಪಾತ್ರೆಗಳ ಸದ್ದು.

ಅಪ್ಪ ಹತ್ತು ಹನ್ನೆರಡು ವರ್ಷ ಮುಂಬಯಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಕಾರು ಓಡಿಸಿದವನು. ವ್ಯಾಪಾರಿ ಹೊಸ ಕಾರು ಕೊಂಡಾಗ ಹಳೆಯದನ್ನು ಇವನು ತೆಗೆದುಕೊಂಡು ಊರಿಗೆ ಬಂದ. ಹೊನ್ನಾವರದಿಂದ ಕುಮಟೆಗೆ, ಕುಮಟೆಯಿಂದ ಹೊನ್ನಾವರಕ್ಕೆ ಬಾಡಿಗೆ. ಯುದ್ಧದ ಕಾಲ, ಪೆಟ್ರೋಲು ಚೀಟಿಗೆ ಮಾತ್ರ ಸಿಗುತ್ತಿತ್ತು, ಕಾರಿನ ಹೊಸ ಸಾಮಾನು ಸಿಗುತ್ತಲೇ ಇರಲಿಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ಹೊರಡುವ ಮೊದಲು ಕಾರಿನ ಆರೈಕೆ ದೇವರ ಪೂಜೆಯಷ್ಟೇ ನೇಮದಿಂದ ನಡೆಯುತ್ತಿತ್ತು. ಮುಂದಿನ ಮೂತಿಯಲ್ಲಿರುವ ರೇಡಿಯೇಟರಿಗೆ ನೀರು ತುಂಬಬೇಕು, ಆ ನೀರು ಎಂಜಿನ್ನನ್ನು ತಣ್ಣಗಿಡುತ್ತದೆ. ಆಮೇಲೆ ಎಂಜಿನ್ನಿನ ಪಕ್ಕದಿಂದ ಉದ್ದನೆಯ ಕಬ್ಬಿಣದ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಎಣ್ಣೆ ಎಲ್ಲಿಯವರೆಗೆ ಇದೆ ಎಂದು ನೋಡಬೇಕು. ಎರಡೂ ಕೆಲಸ ನನ್ನವು. ಏಳು ವರ್ಷವಾದಾಗಲೇ ಅಪ್ಪ ಕಲಿಸಿದ್ದ. ಕಡ್ಡಿಯ ಮೇಲೆ ಎರಡು ಗೀಟು. ಎಣ್ಣೆ ಅವುಗಳ ನಡುವೆ ಇದ್ದರೆ ನಾನು ‘ಸಮ ಉಂಟು’ ಎಂದು ಕೂಗುತ್ತಿದ್ದೆ. ನಾನು ಹಾಗೆ ಹೇಳದೆ ಅಪ್ಪ ಕಾರು ಹೊರಡಿಸುತ್ತಿರಲಿಲ್ಲ. ಆ ಊರಿನಲ್ಲಿ ಅಂಥ ಅಧಿಕಾರ ಇದ್ದ ಹುಡುಗಿ ನಾನೊಬ್ಬಳೇ ಎಂದು ನಾನು ನಂಬಿದ್ದೆ.

ನನಗೆ ಹತ್ತು ತುಂಬಿದ ವರ್ಷ ದೇವಕಿ ಬಂದಳು. ಅವಳು ನನ್ನ ಸೋದರತ್ತೆಯ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಅತ್ತೆ ಭಟ್ಕಳದಲ್ಲಿ ಜ್ವರ ಬಂದು ತೀರಿಕೊಂಡಳು. ಅವಳ ಗಂಡ ಬೇಗನೇ ಇನ್ನೊಂದು ಮದುವೆಯಾದ. ಅಪ್ಪ ಒಂದು ದಿನ ಭಟ್ಕಳಕ್ಕೆ ಹೋದವನು ಬರುವಾಗ ಇವಳನ್ನು ಕರೆದುಕೊಂಡು ಬಂದ. ಕೈಯಲ್ಲಿ ಒಂದು ಬಟ್ಟೆಗಂಟು, ತಲೆಯಲ್ಲಿ ಎಣ್ಣೆ ಕಾಣದ ಕೂದಲು. ಆಯಿ ಅವಳನ್ನು ಕೂರಿಸಿ ತಲೆ ಬಾಚಿದಳು. ಅಪ್ಪ ಅವಳ ಮುಖವನ್ನೇ ನೋಡುತ್ತ ನಿಂತಿದ್ದ, ತಂಗಿಯ ಮೂಗು, ತಂಗಿಯ ಗಲ್ಲ ಎಂದ. ನನ್ನ ಮೂಗು ಯಾರದ್ದು ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಅವಳನ್ನು ದೇವಕ್ಕ ಎಂದು ಕರೆ ಎಂದು ಆಯಿ ಹೇಳಿದಳು. ನಾನು ದೇವಕಿ ಎಂದೇ ಕರೆದೆ.

ಮರುದಿನ ಬೆಳಿಗ್ಗೆಯೇ ನನ್ನ ರಾಜ್ಯ ಎರಡು ಪಾಲಾಯಿತು.

“ತಂಗಿ, ನೀ ಎಣ್ಣೆ ನೋಡು. ನೀರಿನ ಕೆಲ್ಸ ದೇವಕಿ ಮಾಡ್ಲಿ. ಕೊಡಪಾನ ಎತ್ತೂಕೆ ಅವಳಿಗೆ ಶಕ್ತಿ ಉಂಟು” ಎಂದ ಅಪ್ಪ. ನನ್ನನ್ನು ಅವನು ತಂಗಿ ಎಂದೇ ಕರೆಯುತ್ತಿದ್ದ.

ದೇವಕಿ ಎಲ್ಲವನ್ನೂ ಸದ್ದಿಲ್ಲದೆ ಮಾಡುತ್ತಿದ್ದಳು, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ನೀರು ಚೆಲ್ಲದಂತೆ ಹೊಯ್ಯುತ್ತಿದ್ದಳು. ಸೀಟಿನ ಧೂಳು ಕೊಡವುತ್ತಿದ್ದಳು. ಊಟದ ಹೊತ್ತಿಗೆ ಅಪ್ಪನಿಗೆ ಎಡಬದಿಯಲ್ಲಿ ಕೂರುತ್ತಿದ್ದವಳು ನಾನು. ಈಗ ಬಲಬದಿಯಲ್ಲಿ ಅವಳು. ಕುಚ್ಚಲಕ್ಕಿ ಗಂಜಿಗೆ ಸುಟ್ಟ ಬಂಗಡೆ ಇದ್ದ ದಿನ ಅಪ್ಪ ತನ್ನ ಮೀನಿನ ನಡುಭಾಗ ಮುರಿದು ಮುಳ್ಳು ತೆಗೆದು ನನ್ನ ಬಟ್ಟಲಿಗೆ ಹಾಕುವುದು ರೂಢಿ. ಒಂದು ದಿನ ಅದು ದೇವಕಿಯ ಬಟ್ಟಲಿಗೆ ಹೋಯಿತು. ಅಪ್ಪನಿಗೆ ಅದು ನೆನಪೂ ಉಳಿಯಲಿಲ್ಲ. ನಾನು ಗಂಜಿ ಬಿಟ್ಟು ಎದ್ದೆ. ಹೊಟ್ಟೆನೋವು ಎಂದೆ. ಆಯಿ ಓಮ ಜಗಿಯಲು ಕೊಟ್ಟಳು. ಕುಮಟೆಯ ಸಂತೆಗೆ ಕಾರು ಹೋಗುವ ದಿನ ಮುಂದಿನ ಸೀಟಿನಲ್ಲಿ ನೀರಿನ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ದೇವಕಿ ಹೋಗತೊಡಗಿದಳು. ಹಳೇ ಕಾರು, ಕರ್ಕಿಯ ಏರಿನಲ್ಲಿ ಬಿಸಿಯಾಗುತ್ತಿತ್ತು, ನಡುದಾರಿಯಲ್ಲಿ ನೀರು ಹೊಯ್ಯಲು ಒಬ್ಬರು ಬೇಕಿತ್ತು. ಎಣ್ಣೆ ನೋಡುವವಳು ನಡುದಾರಿಯಲ್ಲಿ ಬೇಕಾಗಿರಲಿಲ್ಲ. ನಾನು ಜಗಲಿಯ ಕಂಬ ಹಿಡಿದುಕೊಂಡು ಕಾರು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತಿದ್ದೆ.

ಚೈತ್ರದ ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೀಟನ್ನು ದಾಟಿತ್ತು. ಯಾರೂ ಎಣ್ಣೆ ಹಾಕಿರಲಿಲ್ಲ. ಎಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾಗುವುದನ್ನು ನೋಡಿದ್ದೆ, ಹೆಚ್ಚಾಗುವುದನ್ನು ನೋಡಿರಲಿಲ್ಲ. ಬಣ್ಣವೂ ಬೇರೆ. ಕಪ್ಪಾಗಿರಬೇಕಾದದ್ದು ಹಾಲು ಹೆಚ್ಚಾದ ಚಹದಂತೆ ಇತ್ತು. ಎಣ್ಣೆ ಹೊಯ್ಯುವ ತೂತಿನ ಮುಚ್ಚಳ ತೆಗೆದೆ. ಒಳಬದಿಗೆ ಬೆಣ್ಣೆಯ ಹಾಗೆ ಬಿಳಿ ಜಿಡ್ಡು ಹತ್ತಿತ್ತು. ನೀರು ಎಂದು ನನಗೆ ಗೊತ್ತಾಯಿತು. ಎಣ್ಣೆಗೆ ನೀರು ಸೇರಿಸಿ ಕಡೆದರೆ ಹೀಗೆ ಆಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೆ. ಆಗ ನನ್ನ ಮನಸ್ಸಿನಲ್ಲಿ ಬಂದ ಮೊದಲ ಮಾತು ‘ಅಪ್ಪಾ, ಬಾ ನೋಡು’ ಎಂಬುದಾಗಿರಲಿಲ್ಲ. ದೇವಕಿ ತಪ್ಪು ತೂತಿಗೆ ನೀರು ಹೊಯ್ದಿದ್ದಾಳೆ ಎಂಬುದು. ಎದೆ ಹಗುರಾಯಿತು. ಆ ಸದ್ದಿಲ್ಲದ, ಚೆಲ್ಲದ, ತಪ್ಪದ ಹುಡುಗಿ ಕೊನೆಗೂ ತಪ್ಪಿದ್ದಳು.

ಈಗಲೇ ಹೇಳಿದರೆ ಅಪ್ಪ ‘ಆತು ಬಿಡು, ಹೊಸಬಳು’ ಎಂದು ನಕ್ಕು ಬಿಡುತ್ತಾನೆ. ಇನ್ನೂ ನಾಲ್ಕು ದಿನ ಹೊಯ್ಯಲಿ, ತಪ್ಪು ದೊಡ್ಡದಾಗಲಿ ಎಂದುಕೊಂಡೆ. ಹತ್ತು ವರ್ಷದ ಹುಡುಗಿಗೆ ಇಷ್ಟು ಲೆಕ್ಕಾಚಾರ ಎಲ್ಲಿಂದ ಬಂತು ಎಂದು ಈಗ ಆಶ್ಚರ್ಯವಾಗುತ್ತದೆ, ಆದರೆ ಬಂದದ್ದು ನಿಜ. ಬಿಳಿ ಜಿಡ್ಡನ್ನು ಚಿಂದಿಯಿಂದ ಒರೆಸಿ, ಕಡ್ಡಿ ಒಳಗಿಟ್ಟು, “ಸಮ ಉಂಟು” ಎಂದು ಕೂಗಿದೆ. ಮರುದಿನವೂ ಕೂಗಿದೆ. ದಿನವೂ ಆ ಬಿಳುಪು ಹೆಚ್ಚುತ್ತಿತ್ತು. ಅದನ್ನು ನೋಡುವುದು ನನಗೆ ಒಂದು ಗುಟ್ಟಿನ ತಿಂಡಿಯಂತಾಗಿತ್ತು. ದೇವಕಿ ಒಂದು ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದಳು:

“ಮಾವ, ರೇಡಿಯೇಟರ್ ನೀರು ಬಹಳ ಕುಡೀತದೆ. ಮೊದ್ಲು ಒಂದು ಚೊಂಬು ಸಾಕಿತ್ತು. ಈಗ ಅರ್ಧ ಕೊಡ ಬೇಕು. ಕೆಳಗೆ ನೋಡಿದ್ರೆ ನೆಲ ಒಣಗಿದ್ದೇ ಇರ್ತದೆ.”

“ಬಿಸಿಲಿಗೆ ಆರ್ತದೆ” ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ಎಣ್ಣೆ ಎಂತ ಹೇಳ್ತದೆ?” ಎಂದು ಕೇಳಿದ.

“ಸಮ ಉಂಟು” ಎಂದೆ.

ಹೀಗೆ ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಮಾವಿನಕುರ್ವೆಯಿಂದ ಒಬ್ಬ ದೋಣಿಯವನು ತನ್ನ ಸೊಸೆಯನ್ನು ದೋಣಿಯಲ್ಲಿ ಮಲಗಿಸಿಕೊಂಡು ಬಂದರಿಗೆ ಬಂದ. ಅವಳಿಗೆ ಹಿಂದಿನ ದಿನದಿಂದ ಹೆರಿಗೆ ನೋವು. ಸೂಲಗಿತ್ತಿ ಕೈಚೆಲ್ಲಿದ್ದಳು, ಕುಮಟೆಯ ಡಾಕ್ಟರ ಹತ್ತಿರ ಕರೆದೊಯ್ಯಲು ಹೇಳಿದ್ದಳು. ಅಪ್ಪ ಊಟಕ್ಕೆ ಕೂತವನು ಕೈತೊಳೆದು ಎದ್ದ. ಹಿಂದಿನ ಸೀಟಿನಲ್ಲಿ ಅವಳು, ಅವಳ ಅತ್ತೆ. ಮುಂದೆ ದೇವಕಿ, ತೊಡೆಯ ಮೇಲೆ ನೀರಿನ ಡಬ್ಬಿ. ಆ ಹೆಂಗಸು ಕೂಗುತ್ತಿರಲಿಲ್ಲ, ಹಲ್ಲು ಕಚ್ಚಿ ಸೀಟಿನ ಬಟ್ಟೆಯನ್ನು ಮುದುಡಿ ಹಿಡಿದಿದ್ದಳು. ಆ ಅವಸರದಲ್ಲೂ ಅಪ್ಪ ಕೇಳಿದ:

“ಬೆಳಿಗ್ಗೆ ಎಣ್ಣೆ ನೋಡಿದ್ಯಲಾ?”

“ನೋಡಿದ್ದೆ. ಸಮ ಉಂಟು.”

ಆ ಹೆಂಗಸನ್ನು ನೋಡಿಯೂ ನಾನು ಅದನ್ನೇ ಹೇಳಿದೆ. ಕಾರು ಕೆಡಬಹುದು ಎಂಬ ಯೋಚನೆ ನನಗಿರಲಿಲ್ಲ ಎಂದು ಮುಂದೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇರಲಿಲ್ಲ, ನಿಜ. ಆ ಕ್ಷಣ ನನ್ನ ಕಣ್ಣಿದ್ದದ್ದು ಮುಂದಿನ ಸೀಟಿನ ಮೇಲೆ.

ಅವರು ಆ ದಿನ ಬರಲಿಲ್ಲ. ಮರುದಿನ ಮಧ್ಯಾಹ್ನ ಎರಡು ಜೋಡಿ ಎತ್ತು ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಬಂದವು. ಅಪ್ಪ ಸ್ಟಿಯರಿಂಗ್ ಹಿಡಿದು ಕೂತಿದ್ದ, ದೇವಕಿ ಹಿಂದೆ ನಡೆದು ಬರುತ್ತಿದ್ದಳು, ಕಾಲಿನಲ್ಲಿ ಮೊಣಕಾಲಿನವರೆಗೂ ಕೆಂಪು ಧೂಳು. ಹಳದೀಪುರ ದಾಟಿದ ಮೇಲೆ ಎಂಜಿನ್ನಿನೊಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದು ಶುರುವಾಗಿ, ಧಾರೇಶ್ವರ ಬರುವುದರೊಳಗೆ ಕಾರು ನಿಂತುಬಿಟ್ಟಿತ್ತು. ಒಬ್ಬರ ಎತ್ತಿನ ಗಾಡಿ ಬೇಡಿ ಆ ಹೆಂಗಸನ್ನು ಅದರಲ್ಲಿ ಮಲಗಿಸಿದರು. ಕುಮಟೆ ಮುಟ್ಟುವ ಮೊದಲೇ ಗಾಡಿಯಲ್ಲೇ ಹೆರಿಗೆಯಾಯಿತು. ದೇವಕಿ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ. ಹೆಣ್ಣುಮಗು, ಮೊದಲು ಅಳಲೇ ಇಲ್ಲವಂತೆ. ಆಮೇಲೆ ಅತ್ತಿತು. ತಾಯಿಗೆ ರಕ್ತ ಬಹಳ ಹೋಗಿತ್ತು, ಡಾಕ್ಟರು ಉಳಿಯುತ್ತಾಳೆ ಎಂದಿದ್ದರು. ಇದನ್ನೆಲ್ಲ ಅಪ್ಪ ಜಗಲಿಯಲ್ಲಿ ಕೂತು ನೆಲ ನೋಡುತ್ತ ಹೇಳಿದ. ಕೊನೆಗೆ, “ಈ ಹುಡುಗಿ ಇಲ್ದಿದ್ರೆ ನಂಗೆ ಕೈಕಾಲೇ ಆಡ್ತಿರ್ಲಿಲ್ಲ” ಎಂದು ದೇವಕಿಯ ತಲೆಯ ಮೇಲೆ ಕೈಯಿಟ್ಟ.

ಆ ಕೈ ನೋಡಿ ನಾನು ಬಾಯಿ ತೆರೆದೆ.

“ಅವಳೇ ಮಾಡಿದ್ದು. ಎಣ್ಣೆಯ ತೂತಿಗೆ ನೀರು ಹೊಯ್ದಿದ್ದಾಳೆ. ಬೇಕಾದ್ರೆ ಕಡ್ಡಿ ಎಳೆದು ನೋಡು.”

ಅಪ್ಪ ಎದ್ದು ಹೋಗಿ ಕಡ್ಡಿ ಎಳೆದ. ಬಹಳ ಹೊತ್ತು ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಬೆರಳಿಗೆ ಹಚ್ಚಿ ತಿಕ್ಕಿದ. ಅವನ ಮುಖ ಹಾಗೆ ಬದಲಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ದೇವಕಿ, ಎಲ್ಲಿಗೆ ಹೊಯ್ದೆ ನೀರು?”

“ಮುಂದಿನ ಬಾಯಿಗೆ, ಮಾವ.”

“ಇಲ್ಲಿಗೆ ಹೊಯ್ದ್ಯಾ?”

“ಇಲ್ಲ.”

“ಸಮಾ ನೆನಪು ಮಾಡು.”

“ನಾ ಹೊಯ್ಲಿಲ್ಲ, ಮಾವ.”

ಅಷ್ಟೇ ಹೇಳಿದಳು. ಅಳಲಿಲ್ಲ, ಆಣೆ ಹಾಕಲಿಲ್ಲ. ಅಪ್ಪ ನಂಬಲಿಲ್ಲ. ದಿನವೂ ಸಮ ಉಂಟು ಎಂದ ನನಗೆ ಅದು ಹೇಗೆ ಗೊತ್ತು ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಬೈಯಲೂ ಇಲ್ಲ, ಆದರೆ ಆ ಸಂಜೆ ಅವಳ ಜೊತೆ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಆಯಿ ಒಲೆಯ ಮುಂದೆ ಕೂತು, ಅವಳ ಅಪ್ಪ ಬದುಕಿದ್ದಾನಲ್ಲ, ಅಲ್ಲೇ ಹೋಗಿ ಇರಲಿ, ನಮ್ಮ ಅನ್ನದ ದಾರಿಯೇ ಮುಚ್ಚಿತು ಎಂದಳು. ನನಗೆ ಬೇಕಾದದ್ದೆಲ್ಲ ಒಂದೇ ದಿನದಲ್ಲಿ ಸಿಕ್ಕಿತು. ರಾತ್ರಿ ಅಪ್ಪ ಮೀನಿನ ನಡುಭಾಗವನ್ನು ನನ್ನ ಬಟ್ಟಲಿಗೆ ಹಾಕಿದ. ನಾನು ತಿಂದೆ.

ಮೂರನೆಯ ದಿನ ಭಟ್ಕಳದಿಂದ ಇಸ್ಮಾಯಿಲ್ ಸಾಹೇಬರು ಬಂದರು. ಕರಾವಳಿಯ ಕಾರು ಬಸ್ಸುಗಳನ್ನೆಲ್ಲ ರಿಪೇರಿ ಮಾಡುವವರು ಅವರೇ. ಬಿಳಿ ಗಡ್ಡ, ಮಡಚಿ ಕಟ್ಟಿದ ಲುಂಗಿ, ಹೆಗಲಲ್ಲಿ ಹತಾರಗಳ ಗೋಣಿಚೀಲ. ಆಯಿ ಜಗಲಿಯಲ್ಲಿ ಎಲೆ ಹಾಕಿ ಬಡಿಸಿದ ಅನ್ನ ಉಂಡು ಕಾರಿನ ಬಳಿ ಬಂದರು. ಅಪ್ಪ ದೇವಕಿಯ ತಪ್ಪಿನ ಕತೆ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

“ಕಾರನ್ನೇ ಕೇಳುವಾ” ಎಂದರು.

ಮೊದಲು ಎಂಜಿನ್ನಿನ ತಳದ ಬಿರಟೆ ಬಿಚ್ಚಿದರು. ಮೂರು ದಿನ ಅಲುಗದೆ ನಿಂತಿದ್ದರಿಂದ ನೀರು ತಳಕ್ಕೆ ಇಳಿದಿತ್ತು. ಮೊದಲು ಒಂದು ಚೊಂಬಿನಷ್ಟು ನೀರೇ ಬಂತು, ಆಮೇಲೆ ಆ ಚಹದ ಬಣ್ಣದ ಎಣ್ಣೆ. ಪೂರ್ತಿ ಬಸಿದ ಮೇಲೆ ಆಯಿಯ ಹತ್ತಿರ ಒಂದು ಹಿತ್ತಾಳೆ ಹರಿವಾಣ ಬೇಡಿ ಬಿರಟೆಯ ಕೆಳಗಿಟ್ಟರು, ಬಿರಟೆ ಹಾಕಲಿಲ್ಲ. ರೇಡಿಯೇಟರಿಗೆ ಕಂಠಮಟ್ಟ ನೀರು ತುಂಬಿಸಿದರು. ಆಮೇಲೆ ಅಕ್ಕಿಹಿಟ್ಟು ನಾದಿಸಿ, ಎಣ್ಣೆ ಹೊಯ್ಯುವ ತೂತಿನ ಮುಚ್ಚಳದ ಸುತ್ತ ಆ ಹಿಟ್ಟನ್ನು ಮೆತ್ತಿ, ಹೆಬ್ಬೆರಳಿನಿಂದ ಒತ್ತಿದರು.

“ಇನ್ನು ಇದನ್ನು ಯಾರೂ ತೆಗೆಯೂಕಾಗುದಿಲ್ಲ. ತೆಗೆದ್ರೆ ಗೊತ್ತಾಗ್ತದೆ. ಹರಿವಾಣದಲ್ಲಿ ನೀರು ಬಿದ್ರೆ ಅದು ಹುಡುಗಿ ಹೊಯ್ದಿದ್ದಲ್ಲ, ಎಂಜಿನ್ನೇ ಒಳಗೊಳಗೆ ಸೋರ್ತಾ ಉಂಟು ಅಂತ ತಿಳ್ಕೊಳ್ಳಿ.”

ಆ ದಿನವಿಡೀ ನಾನು ಏನಾದರೂ ನೆವ ಮಾಡಿ ಕಾರಿನ ಬಳಿ ಹೋಗಿ ಹರಿವಾಣ ನೋಡುತ್ತಿದ್ದೆ. ಮಧ್ಯಾಹ್ನದವರೆಗೆ ಅದು ಒಣಗಿಯೇ ಇತ್ತು. ಸಂಜೆ ನೋಡಿದಾಗ ತಳದಲ್ಲಿ ಒಂದು ಅಂಗೈಯಷ್ಟು ನೀರು. ನಾನು ನೋಡುತ್ತಿದ್ದಾಗಲೇ ಮೇಲಿನಿಂದ ಒಂದು ಹನಿ ಬಿತ್ತು. ಹರಿವಾಣವನ್ನು ಎತ್ತಿ ಚೆಲ್ಲಿ ಬಿಡಬೇಕು ಅನ್ನಿಸಿತು. ಕೈಯನ್ನೂ ಚಾಚಿದೆ. ತಲೆಯೆತ್ತಿದರೆ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದ ದೇವಕಿ ಅಂಗಳದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಒಳಗೆ ಹೋದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ಬೆಳಿಗ್ಗೆ ಹರಿವಾಣ ಅರ್ಧ ತುಂಬಿತ್ತು. ರೇಡಿಯೇಟರಿನಲ್ಲಿ ನೀರು ನಾಲ್ಕು ಬೆರಳು ಇಳಿದಿತ್ತು. ಹಿಟ್ಟು ಒಣಗಿ ಬಿರಿದಿತ್ತು, ಅಲುಗಿರಲಿಲ್ಲ. ಸಾಹೇಬರು ಬೆಂಕಿಯ ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ಇಟ್ಟರು. ಮೂರು ಮಸಿ ಹಿಡಿದು ಕಪ್ಪಾಗಿದ್ದವು. ಎಂಜಿನ್ನಿನೊಳಗೆ ಬೆಂಕಿ ಉರಿಯುವ ನಾಲ್ಕು ಕೋಣೆಗಳಲ್ಲಿ ಮೂರನೆಯದರ ಪ್ಲಗ್ಗು ಮಾತ್ರ ತೊಳೆದಿಟ್ಟಂತೆ ಬಿಳಿ.

“ನೋಡಿ, ಇಲ್ಲಿ ನೀರು ಬಂದು ಆವಿಯಾಗಿ ತೊಳೆದದೆ.”

ಎಂಜಿನ್ನಿನ ಮೇಲಿನ ಭಾರದ ಮುಚ್ಚಳ ಎತ್ತಿದಾಗ ಅದರ ಅಡಿಯಲ್ಲಿ ತಾಮ್ರದ ತೆಳು ಹಾಳೆ. ಅದಕ್ಕೆ ಗ್ಯಾಸ್ಕೆಟ್ ಎನ್ನುತ್ತಾರೆ. ನೀರು ಹರಿಯುವ ದಾರಿ ಮತ್ತು ಬೆಂಕಿ ಉರಿಯುವ ಕೋಣೆಗಳು ಒಂದಕ್ಕೊಂದು ಸೇರದಂತೆ ತಡೆಯುವುದು ಅದೇ. ಮೂರನೆಯ ಕೋಣೆಯ ಅಂಚಿನಲ್ಲಿ ಅದು ಹಸಿರುಗಟ್ಟಿ, ತಿಂದುಹೋಗಿ, ಒಂದು ಕಡ್ಡಿ ತೂರುವಷ್ಟು ತೂತಾಗಿತ್ತು. ನೀರು ಅಲ್ಲಿಂದ ಕೋಣೆಗೆ ಸೋರಿ, ಕೆಳಗಿನ ಎಣ್ಣೆಗೆ ಇಳಿಯುತ್ತಿತ್ತು. ಸಾಹೇಬರು ರೇಡಿಯೇಟರಿನ ನೀರಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಉಗಿದರು.

“ಯಾವ ಬಾವಿ ನೀರು ಇದು?”

ಬಂದರಿನ ಬಳಿಯ ಬಾವಿ. ಬೇಸಿಗೆಯಲ್ಲಿ ಹೊಳೆಯ ಉಪ್ಪು ಅದಕ್ಕೆ ಏರುತ್ತಿತ್ತು, ನಾವು ಕುಡಿಯುತ್ತಿರಲಿಲ್ಲ. ಸಿಹಿನೀರಿನ ಬಾವಿ ದೂರ. ಕಾರಿಗೆ ಇದು ಸಾಕು ಎಂದವನು ಅಪ್ಪನೇ.

“ನಾನೇ ಹೇಳಿದ್ದು” ಎಂದ ಅಪ್ಪ. ಆಮೇಲೆ ದೇವಕಿಯ ಕಡೆ ನೋಡಿದ. ಅವಳು ನೆಲ ಗುಡಿಸುತ್ತಿದ್ದಳು, ಗುಡಿಸುವುದನ್ನು ನಿಲ್ಲಿಸಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಸಾಹೇಬರು ಕೈ ಒರೆಸಿಕೊಳ್ಳುತ್ತ ಸಹಜವಾಗಿ ಕೇಳಿದರು:

“ಗ್ಯಾಸ್ಕೆಟ್ ಹೋಗೂದು ದೊಡ್ಡ ಸಂಗತಿ ಅಲ್ಲ. ಕೂಡಲೇ ನಿಲ್ಸಿದ್ರೆ ಬೇರಿಂಗ್ ಉಳೀತಿತ್ತು. ನೀರು ಬೆರೆತ ಎಣ್ಣೆಯಲ್ಲಿ ಓಡಿಸಿದ್ದಕ್ಕೆ ಅದು ಅರೆದು ಹೋತು. ಇದು ಒಂದೆರಡು ದಿನದ ಬಣ್ಣ ಅಲ್ಲ, ಹತ್ತು ಹದಿನೈದು ದಿನದ್ದು. ಕಡ್ಡಿ ನೋಡ್ತಿದ್ದವರು ಯಾರು?”

ಅಪ್ಪ ನನ್ನ ಕಡೆ ತಿರುಗಿದ.

“ನೋಡಿದ್ದ್ಯಾ ನೀನು?”

“ನೋಡಿದ್ದೆ.”

“ಬಿಳಿಯಾದದ್ದು ಕಂಡಿತ್ತಾ?”

“ಕಂಡಿತ್ತು.”

“ಎಂತಕ್ಕೆ ಹೇಳ್ಲಿಲ್ಲ?”

ನಾನು ದೇವಕಿಯನ್ನು ನೋಡಿದೆ. ಅದೇ ನನ್ನ ಉತ್ತರವಾಯಿತು. ಅಪ್ಪನಿಗೆ ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಸುಲಭವಾಗುತ್ತಿತ್ತು. ಅವನು, “ಆ ಹೆಂಗ್ಸು ಹಿಂದಿನ ಸೀಟಲ್ಲಿ ಇದ್ಲು” ಎಂದ. ಅಷ್ಟು ಹೇಳಿ ಸಾಹೇಬರ ಜೊತೆ ಕೆಲಸಕ್ಕೆ ಬಾಗಿದ. ಆಯಿ ನನ್ನನ್ನು ಒಳಗೆ ಕರೆದು ತೊಡೆಯ ಮೇಲೆ ಮಲಗಿಸಿಕೊಂಡಳು. ಬೈಯಲಿಲ್ಲ. ಅವಳಿಗೆ ನನ್ನ ರೋಗದ ಗುರುತು ಇತ್ತು ಎಂದು ಕಾಣುತ್ತದೆ.

ಸಾಹೇಬರು ಹಳೆಯ ತಾಮ್ರದ ಹಾಳೆಯೊಂದನ್ನು ಕತ್ತರಿಸಿ ಗ್ಯಾಸ್ಕೆಟ್ ಮಾಡಿದರು, ಸೀಸದಂಥ ಲೋಹ ಕರಗಿಸಿ ಬೇರಿಂಗ್ ಎರೆದರು. ಎಂಟು ದಿನಕ್ಕೆ ಕಾರು ಮತ್ತೆ ಓಡಿತು. ಸಿಹಿಬಾವಿಯಿಂದ ನೀರು ತರುವುದು ನನ್ನ ಪಾಲಿಗೆ ಬಂತು. ಯಾರೂ ಹೇಳಲಿಲ್ಲ, ನಾನೇ ತಂದೆ. ಅಪ್ಪ ದೇವಕಿಯನ್ನು ಕರೆದು, ತಪ್ಪಾಯಿತು ಮಗಳೇ, ನಿನ್ನ ಮಾತು ನಂಬಬೇಕಿತ್ತು ಎಂದನಂತೆ. ಅವಳು, ಇರಲಿ ಮಾವ ಎಂದಳಂತೆ. ಆದರೆ ಸಾಹೇಬರು ಹೊರಡುವ ಹಿಂದಿನ ದಿನ ಅವಳು ತನ್ನ ಬಟ್ಟೆಗಂಟು ಕಟ್ಟಿದಳು. ಮಲತಾಯಿಯ ಮನೆಗಲ್ಲ, ಮಾವಳ್ಳಿಯಲ್ಲಿ ತನ್ನ ಅಪ್ಪನ ತಾಯಿ ಒಬ್ಬಳೇ ಇದ್ದಾಳೆ, ಅಲ್ಲಿಗೆ ಹೋಗುತ್ತೇನೆ ಎಂದಳು. ಅಪ್ಪ ಬೇಡವೆಂದ, ಆಯಿಯೂ ಬೇಡವೆಂದಳು. ಅವಳ ಮಾತು ಬದಲಾಗಲಿಲ್ಲ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆ ಹೋಗುವವರು ದೋಣಿಯಲ್ಲಿ ಹೊಳೆ ದಾಟಿ ಕಾಸರಕೋಡಿನಲ್ಲಿ ಬಸ್ಸು ಹಿಡಿಯಬೇಕು. ನಾವೆಲ್ಲ ದೋಣಿಕಟ್ಟೆಗೆ ಹೋದೆವು. ಅಪ್ಪ ಸಾಹೇಬರ ಚೀಲ ಹೊತ್ತು ಮುಂದೆ ನಡೆದ. ದೇವಕಿಯ ಗಂಟು ನಾನು ಹಿಡಿದಿದ್ದೆ. ದೋಣಿ ಬರುವವರೆಗೆ ಇಬ್ಬರೂ ಕಲ್ಲಿನ ಮೇಲೆ ಕೂತೆವು. ಏನಾದರೂ ಹೇಳಬೇಕು ಎಂದು ಮನೆಯಿಂದ ಯೋಚಿಸುತ್ತಲೇ ಬಂದಿದ್ದೆ.

“ದೇವಕ್ಕ, ಹೋಗ್ಬೇಡ” ಎಂದೆ.

ಅವಳು ನೀರನ್ನು ನೋಡುತ್ತ ಹೇಳಿದಳು:

“ನಾ ಇರೂದು ನಿಂಗೆ ಬೇಡ ಅಂತ ಬಂದ ದಿನವೇ ಗೊತ್ತಾಗಿತ್ತು. ನೀ ಬಾಯಿಬಿಟ್ಟು ಹೇಳಿದ್ರೆ ಆಗ್ಲೇ ಹೋಗ್ತಿದ್ದೆ. ಮಾವನ ಕಾರು ಎಂತಕ್ಕೆ ಹಾಳು ಮಾಡಿದೆ?”

ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದಂತಿತ್ತು. ದೋಣಿ ಬಂತು. ಅವಳು ನನ್ನ ಕೈಯಿಂದ ಗಂಟು ತೆಗೆದುಕೊಂಡು, ಅಪ್ಪನ ಕಾಲು ಮುಟ್ಟಿ, ಸಾಹೇಬರ ಹಿಂದೆ ಹತ್ತಿ ಕೂತಳು. ಅಪ್ಪ ದೋಣಿ ಆ ದಡ ಮುಟ್ಟುವವರೆಗೂ ನಿಂತೇ ಇದ್ದ. ಬಿಸಿಲಿಗೆ ಕಣ್ಣು ಕಿರಿದುಮಾಡಿ, ಹಣೆಗೆ ಕೈ ಅಡ್ಡ ಹಿಡಿದು.

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು, ಅಳುವೂ ಬರುತ್ತಿತ್ತು, ಅದೆಲ್ಲ ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದು ಇತ್ತು. ಇಷ್ಟು ವಯಸ್ಸಾದ ಮೇಲೆ ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ನಾನು ಹೊರಟು ಹೋದರೆ ಅಪ್ಪ ಹೀಗೆ ಹಣೆಗೆ ಕೈ ಹಿಡಿದು ಇಷ್ಟು ಹೊತ್ತು ನಿಲ್ಲುತ್ತಾನೆಯೇ ಎಂದು ನಾನು ಆ ದೋಣಿಯನ್ನು ನೋಡುತ್ತ ಲೆಕ್ಕ ಹಾಕುತ್ತಿದ್ದೆ.